ಜಗದೇವಪ್ಪನ ಯಥಾಸ್ಥಿತಿ

ಮಹೆವಿಶ ಇನ್ನೂ ತೊಟ್ಟಿಲಲ್ಲಿದ್ದಾಗಲೇ ಜಗದೇವಪ್ಪ ಅವಳ ಮದುವೆಗೊಂದು ಮಾತು ಕೊಟ್ಟುಬಿಟ್ಟಿದ್ದ.

ಅವತ್ತು ಕೂಸಿಗೆ ಹೆಸರಿಟ್ಟ ದಿನ. ಗನಿಸಾಬನ ಅಂಗಳದಲ್ಲಿ ಓಣಿಗೆಲ್ಲ ಊಟ. ಪಕ್ಕದ ಮನೆಯ ಜಗದೇವಪ್ಪ ಬಿರಿಯಾನಿಯನ್ನು ಕೇಳಿ ಕೇಳಿ ಹಾಕಿಸಿಕೊಂಡು, ಕೈ ತೊಳೆದು, ಎರಡೂ ಮನೆಗಳ ನಡುವಿನ ಗೋಡೆಗೆ ಬೆನ್ನು ಕೊಟ್ಟು ನಿಂತ. ಹೊಟ್ಟೆ ತುಂಬಿದ ಮನುಷ್ಯನಿಗೆ ಔದಾರ್ಯ ತಾನಾಗಿಯೇ ಬರುತ್ತದೆ. ಗನಿಸಾಬನ ತಾಯಿ ಅಮೀರ್ಬೀಗೆ ಹೇಳಿದ್ದಾದರೂ ಇಡೀ ಓಣಿಗೆ ಕೇಳುವ ಹಾಗೆ ಹೇಳಿದ:

"ಅಮ್ಮೀ, ನಿಮ್ಮ ಮೊಮ್ಮಗಳ ನಿಕಾಹದ ದಿವಸ ಈ ಗೋಡಿ ನಾ ನನ್ನ ಕೈಯಾರೆ ತೆಗೀತೀನಿ. ನಿಮ್ಮಂಗಳ, ನಮ್ಮಂಗಳ ಎಲ್ಲಾ ಒಂದೇ. ನೀವು ಕುಂತಲ್ಲೇ ಕುಂತು ಕಣ್ತುಂಬ ನೋಡಬೇಕು. ಇದು ಜಗದೇವಪ್ಪನ ಮಾತು!"

ಅಮೀರ್ಬೀ ಗೋಡೆಯ ಗೂಡಿನೊಳಗಿಂದ ತನ್ನ ಪಾನದಾನ ತೆಗೆದು ಎಲೆಗೆ ಸುಣ್ಣ ಹಚ್ಚಿದಳು. ಗೋಡೆಯನ್ನೊಮ್ಮೆ ನೋಡಿದಳು, ಅವನನ್ನೊಮ್ಮೆ ನೋಡಿದಳು.

"ಆಯ್ತಪ್ಪಾ. ನಿನ್ನ ಬಾಯಾಗ ಸಕ್ಕರಿ ಬೀಳ್ಲಿ."

ಗೋಡೆ ತೆಗೆಯುವುದು ಬೇರೆ ಊರಿನವರಿಗೆ ದೊಡ್ಡ ಮಾತು. ವಾಡಿಯ ನಮ್ಮ ಓಣಿಯಲ್ಲಿ ಅದು ಹಾಸಿಗೆ ಸುತ್ತಿಟ್ಟಷ್ಟೇ ಕೆಲಸ. ಸುತ್ತ ಎತ್ತ ನೋಡಿದರೂ ಸಿಮೆಂಟ್ ಕಾರಖಾನೆಯ ಚಿಮಣಿ, ಆದರೆ ನಮ್ಮ ಅಂಗಳದ ಗೋಡೆಗೆ ಚಿಟಿಕೆ ಸಿಮೆಂಟಿಲ್ಲ. ಗಣಿಯಲ್ಲಿ ಮಿಕ್ಕಿದ ಚಪ್ಪಟೆ ಫರ್ಸಿ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿದರೆ ಅದೇ ಗೋಡೆ. ಕಟ್ಟಿದವನು ದೀಪಕ್ಕೋ ಸಾಬೂನಿಗೋ ತನ್ನ ಕಡೆ ಒಂದೆರಡು ಗೂಡು ಬಿಟ್ಟುಕೊಳ್ಳುತ್ತಾನೆ. ಯಾರ ಮನೆಯಲ್ಲಾದರೂ ಮದುವೆ ಬಂತೆಂದರೆ ಕಲ್ಲು ಇಳಿಸಿ, ಎರಡು ಅಂಗಳ ಕೂಡಿಸಿ ಪಂಗತಿ ಹಾಕಿ, ಮದುವೆ ಮುಗಿದ ಮೇಲೆ ಮತ್ತೆ ಪೇರಿಸುತ್ತಾರೆ. ಬೀಗರು ಬರುತ್ತಾರೆ, ಬೀಗರು ಹೋಗುತ್ತಾರೆ, ಗೋಡೆ ಇದ್ದಲ್ಲಿಗೆ ಬರುತ್ತದೆ.

ಜಗದೇವಪ್ಪ ಆ ಮಾತನ್ನು ಮರೆಯಲಿಲ್ಲ, ಮರೆಯಲು ಯಾರನ್ನೂ ಬಿಡಲೂ ಇಲ್ಲ. ಹುಡುಗಿ ಶಾಲೆಗೆ ಹೊರಟಾಗ ಹೇಳಿದ, ಹತ್ತನೆಯ ತರಗತಿ ಪಾಸಾದಾಗ ಹೇಳಿದ. ರಂಜಾನಿನ ಸುರ್ಕುಂಬಾ ಕುಡಿದು ಬಟ್ಟಲು ಕೆಳಗಿಡುವಾಗ ವರ್ಷ ವರ್ಷ ಹೇಳಿದ. ಹೀಗಾಗಿ ಆ ಗೋಡೆಗೆ ಓಣಿಯಲ್ಲಿ 'ಜಗದೇವಪ್ಪ ತೆಗೆಯೋ ಗೋಡಿ' ಎಂದೇ ಹೆಸರು ಬಿತ್ತು. ಅವನ ಹೆಂಡತಿ ತುಳಜಾಬಾಯಿಗೆ ಮಾತ್ರ ಅದರ ಮೇಲೆ ಸಿಟ್ಟು. "ಒಂದ್ ಸಾಬೂನ ಇಡ್ಲಿಕ್ಕ ಜಾಗಾ ಇಲ್ಲ ಇದ್ರಾಗ. ಯಾವ ಪುಣ್ಯಾತ್ಮ ಕಟ್ಟಿದನೋ!" ಎಂದು ಬಟ್ಟೆ ಒಗೆಯುವಾಗೆಲ್ಲ ಗೊಣಗುತ್ತಿದ್ದಳು.

ಈಗ ಮಹೆವಿಶಳಿಗೆ ಚಿಂಚೋಳಿಯ ಮುಬೀನನ ಜೊತೆ ನಿಕಾಹ ಗೊತ್ತಾಯಿತು. ಹುಡುಗನಿಗೆ ಮೋಟಾರು ರಿಪೇರಿ ಅಂಗಡಿ ಇದೆ, ಮಾತು ಕಡಿಮೆ. ಅವನ ಪಾಲಿನ ಮಾತನ್ನೂ ಅವನ ತಾಯಿ ಖುರ್ಷಿದಬೇಗಂ ಆಡಿ ಮುಗಿಸುತ್ತಾಳೆ.

"ನಮ್ಮ ಕಡಿ ಮಂದಿ ಭಾಳ. ಚಿಂಚೋಳಿಯಾಗ ಶಾದಿಮಹಲ್ ಅದ, ಅಲ್ಲೇ ಇಟ್ಕೊಳ್ರಿ" ಎಂದಳು ಆಕೆ.

ಗನಿಸಾಬ ಕೈ ಜೋಡಿಸಿದ. ಹೋದ ಮಳೆಗಾಲದಲ್ಲಿ ಅಮೀರ್ಬೀ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದಳು. ಪಡಸಾಲೆಯ ಮಂಚವೇ ಅವಳ ಊರಾಗಿತ್ತು. ಚಿಂಚೋಳಿ ರಸ್ತೆಯಲ್ಲಿ ಗಟ್ಟಿ ಸೊಂಟದವರೇ ದೇವರ ಹೆಸರು ಹೇಳಿ ಕೂರಬೇಕು, ಮುರಿದ ಸೊಂಟದವರ ಮಾತೇ ಬೇಡ.

"ಬೇಗಂಸಾಬ್, ಆಕಿ ಸಾಕಿದ ಮೊಮ್ಮಗಳು. ಆಕಿ ನೋಡದ ನಿಕಾಹ ನಂಗ ಬ್ಯಾಡ. ಇಲ್ಲೇ ಮಾಡ್ತೀನಿ. ಬಾಜೂ ಗೋಡಿ ಇಳಸಿದ್ರ ಜಾಗಾ ಬೇಕಾದಷ್ಟು ಆಗ್ತದ. ಜಗದೇವಪ್ಪ ಜಬಾನ್ ಕೊಟ್ಟಾನ."

ಖುರ್ಷಿದಬೇಗಂ ಅಂಗಳವನ್ನು ಕಣ್ಣಿನಲ್ಲೇ ಅಳೆದು ತೀರ್ಪು ಕೊಟ್ಟಳು: "ಗೋಡಿ ಇಳಿದ್ರ ಇಲ್ಲಿ. ಇಳೀಲಿಲ್ಲಾಂದ್ರ ಚಿಂಚೋಳಿ."

ಇತ್ತ ಅದೇ ಹೊತ್ತಿಗೆ ಜಗದೇವಪ್ಪನಿಗೆ ಕಾನೂನು ಅಂಟಿಕೊಂಡಿತ್ತು.

ಅವನು ಕಲ್ಲು ಪಾಲಿಶ್ ಮಾಡುವ ಕಾರಖಾನೆಯ ಗೇಟಿನಲ್ಲಿ ಕೂತು ಲಾರಿಗಳಿಗೆ ಕೈ ಬೀಸುವವನು. ಚಿತ್ತಾಪುರದಲ್ಲಿ ಕಾನೂನು ಅರಿವಿನ ಶಿಬಿರ ನಡೆದಾಗ, ಮಾಲಕರು ತಮ್ಮ ಬದಲಿಗೆ ಕುರ್ಚಿ ತುಂಬಲು ಅವನನ್ನು ಕಳಿಸಿದರು. ಹೋಗುವಾಗ ಬರಿಗೈಯಲ್ಲಿ ಹೋದವನು ಬರುವಾಗ ತಕ್ಕಡಿಯ ಚಿತ್ರವಿದ್ದ ಬಟ್ಟೆಯ ಚೀಲ ಹೆಗಲಿಗೇರಿಸಿಕೊಂಡು ಬಂದ. ಆ ಚೀಲ ಅವತ್ತು ಹೆಗಲೇರಿದ್ದು ಇಳಿಯಲಿಲ್ಲ. ಶಿಬಿರದಲ್ಲಿ ಲುಂಬಿನಿ ಎಂಬ ಹರೆಯದ ವಕೀಲೆ ಕೋರ್ಟಿನ ಗಡಸು ಶಬ್ದಗಳನ್ನೆಲ್ಲ ಮನೆಯ ಮಾತಿನಲ್ಲಿ ಬಿಡಿಸಿ ಹೇಳಿದ್ದಳಂತೆ. ಜಗದೇವಪ್ಪ ಅವುಗಳನ್ನು ವಾಡಿ ಸ್ಟೇಷನ್ನಿನ ಚಹಾ ಕುದಿಯುವ ಹಾಗೆ ಮತ್ತೆ ಮತ್ತೆ ಕುದಿಸಿ ನಮಗೆ ಕುಡಿಸತೊಡಗಿದ.

ನಳದ ಮುಂದೆ ಕೊಡ ಹಿಡಿದು ನಿಂತ ಹೆಂಗಸರಿಗೆ ಕೇಳಿದ: "ಏಕಪಕ್ಷೀಯ ಆದೇಶ ಅಂದ್ರ ಏನು? ಗೊತ್ತಿಲ್ಲ. ಅಣ್ಣ-ತಂಗಿ ಜಗಳ. ಅಣ್ಣನ್ನ ಕರದ್ರೂ ಅವ ಬರಲಿಲ್ಲ, ಆಡ್ಲಿಕ್ಕ ಹೋಗ್ಯಾನ. ಅವ್ವ ತಂಗಿ ಮಾತ ಒಂದೇ ಕೇಳಿ ತೀರ್ಪು ಕೊಟ್ಳು. ಅದು ಏಕಪಕ್ಷೀಯ. ಕೇವಿಯಟ್ ಅಂದ್ರ ಏನು? ಅಣ್ಣ ಹುಷಾರದಾನ, ಮೊದಲೇ ಅವ್ವನ ಕಿವಿಯಾಗ ಹೇಳಿ ಇಟ್ಟಾನ, 'ಆಕಿ ಏನರೆ ಚಾಡಿ ತಂದ್ರ ನನ್ನ ಕೇಳದ ಏನೂ ಮಾಡಬ್ಯಾಡ' ಅಂತ."

ನಮ್ಮ ಮನೆಯ ಕಡೆ ಬೆರಳು ಮಾಡಿ ಹೇಳಿದ: "ಜಾಮೀನು? ಇಗೋ, ಈ ಮನಿ ಹುಡುಗ ಸಾಲಿ ಕಿಟಕಿ ಒಡದ. ಹೆಡ್‌ಮಾಸ್ತರ್ ಕೂಡಿಸಿ ಇಟ್ಟ. ಮನಿಯವ್ರು ಹೋಗಿ 'ನಾಳಿ ಕರದಾಗ ಕರಕೊಂಡ್ ಬರ್ತೀವ್ರಿ' ಅಂತ ಬಿಡಿಸ್ಕೊಂಡ್ ಬಂದ್ರು. ಬಿಟ್ರು ಅಂದ್ರ ತಪ್ಪಿಲ್ಲ ಅಂತಲ್ಲ, ಕರದಾಗ ಬರಬೇಕು."

ಅದು ನಮ್ಮ ಹುಡುಗನೇ. ಕಿಟಕಿಯೂ ನಿಜ. ಒಡೆದದ್ದಕ್ಕಿಂತ ಅದು ಉದಾಹರಣೆಯಾದದ್ದಕ್ಕೇ ಹೆಚ್ಚು ನೋವಾಯಿತು.

ಅವನಿಗೆ ಎಲ್ಲಕ್ಕಿಂತ ಪ್ರಿಯವಾದದ್ದು ನ್ಯಾಯಾಂಗ ನಿಂದನೆ. "ಅವ್ವ ಬ್ಯಾಡ ಅಂದ್ಳು, ಹುಡುಗ ಲಾಡಿನ ಡಬ್ಬಿಗಿ ಕೈ ಹಾಕ್ದ. ಏಟು ಬಿತ್ತು. ಯಾವುದಕ್ಕ? ಲಾಡು ತಿಂದದ್ದಕ್ಕಲ್ಲ, ಬ್ಯಾಡ ಅಂದದ್ದು ಮೀರಿದ್ದಕ್ಕ! ಕೋರ್ಟೂ ಹಂಗೇ." ಹೀಗೆ ಹೇಳುವಾಗ ಅವನ ದನಿ ತಾನಾಗಿ ತಗ್ಗುತ್ತಿತ್ತು. ಲಾಡನ್ನು ನೆನೆದು ಇಷ್ಟು ಹೆದರಿದ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ.

ಒಂದು ದಿನ ಮಧ್ಯಾಹ್ನ, ಕೋರ್ಟಿನ ಕಾಗದ ಮುಟ್ಟಿಸುವ ಅಮೀನ ಬೈಕಿನಲ್ಲಿ ಬಂದು ಜಗದೇವಪ್ಪನ ಬಾಗಿಲಲ್ಲಿ ನಿಂತ. ಅವನಿಗೆ ಇನ್ನೂ ಶಹಾಬಾದಿಗೆ ಹೋಗುವ ಅವಸರ.

"ಸೇಡಂದಾಗಿನ ನಿಮ್ಮ ದೊಡ್ಡಪ್ಪನ ಮಗ ಪಾಲಿನ ದಾವಾ ಹಾಕ್ಯಾನ. ಈ ಮನಿ, ಈ ಜಾಗಾ ಮುಂದಿನ ಆದೇಶದ ತನಕ ಯಥಾಸ್ಥಿತಿ. ಸಹಿ ಮಾಡ್ರಿ."

ಜಗದೇವಪ್ಪನ ಮುಖದ ಮೇಲೆ ಗಾಬರಿ ಬರಬೇಕಿತ್ತು. ಬಂದದ್ದು ಕಳೆ. ಇಷ್ಟು ದಿನ ಪರರ ಮನೆಯ ಉದಾಹರಣೆ ಹುಡುಕುತ್ತಿದ್ದವನಿಗೆ ಒಂದು ಅಸಲಿ ಶಬ್ದ ಮನೆಬಾಗಿಲಿಗೇ ಬಂದಿತ್ತು.

"ಯಥಾಸ್ಥಿತಿ! ಅಂದ್ರ ಇದ್ದದ್ದು ಇದ್ದಂಗ. ಏನೂ ಅಲ್ಲಾಡಸೂಹಂಗಿಲ್ಲ. ಬರಾಬ್ಬರಿ?"

"ಬರಾಬ್ಬರಿ, ಬರಾಬ್ಬರಿ" ಎಂದ ಅಮೀನ. ಅವನ ಒಂದು ಕಾಲು ಆಗಲೇ ಬೈಕಿನ ಆ ಕಡೆಗಿತ್ತು.

ಜಗದೇವಪ್ಪ ತಡ ಮಾಡಲಿಲ್ಲ. ಮೊಬೈಲು ತೆಗೆದು ಅಂಗಳದ ನಾಲ್ಕೂ ಮೂಲೆಯ ಫೋಟೊ ಹೊಡೆದ. ಆ ಗಳಿಗೆಯಲ್ಲಿ ಅಂಗಳದ ಸ್ಥಿತಿ ಹೀಗಿತ್ತು: ಹಗ್ಗದ ಮೇಲೆ ತುಳಜಾಬಾಯಿಯ ಒದ್ದೆ ಸೀರೆಗಳು. ಮಗ್ಗುಲಲ್ಲಿ ಬೋರಲು ಬಿದ್ದ ಬಕೀಟು. ನುಗ್ಗೆಗಿಡದ ಕೆಳಗಿನ ಮಂಚದ ಮೇಲೆ, ಎರಡು ದಿನಕ್ಕೆಂದು ಶಹಾಬಾದದಿಂದ ಬಂದಿದ್ದ ತುಳಜಾಬಾಯಿಯ ತಮ್ಮ ದೇವಾನಂದ. ಮತ್ತು ಗನಿಸಾಬನ ಹೋತ. ಹಣೆಯ ಮೇಲೆ ಬಿಳಿಯ ಚುಕ್ಕೆ ಇದ್ದುದರಿಂದ ಮಹೆವಿಶ ಅದಕ್ಕೆ ಚಾಂದ್ ಎಂದು ಹೆಸರಿಟ್ಟಿದ್ದಳು. ಗೋಡೆ ಹಾರಿ ಈ ಕಡೆ ಬಂದಿದ್ದ ಚಾಂದ್ ನುಗ್ಗೆಸೊಪ್ಪಿನಲ್ಲಿ ತಲ್ಲೀನನಾಗಿದ್ದ.

ತುಳಜಾಬಾಯಿ ಸೀರೆ ತೆಗೆಯಲು ಬಂದಳು.

"ಮುಟ್ಟಬ್ಯಾಡ!"

"ಯಾಕ, ಕರೆಂಟ್ ಬಂದದೇನು?"

"ಕೋರ್ಟ್ ಬಂದದ."

ಸಂಜೆ ಅವಳು ಕಸಬರಿಗೆ ಹಿಡಿದಾಗ ಮತ್ತೆ ಅಡ್ಡ ನಿಂತ. "ಕಸಾ ಹೊಡದ್ರ ಸ್ಥಿತಿ ಬದಲಾಗ್ತದ."

"ಹೊಡೀದಿದ್ರ ಬದಲಾಗಂಗಿಲ್ಲೇನು? ಮ್ಯಾಲಿಂದ ಸಿಮೆಂಟ್ ಧೂಳ ಬೀಳ್ಲಿಕತ್ತದಲ್ಲ! ಮೊದಲು ಆ ಚಿಮಣಿಗಿ ಹೇಳಿ ಬರ್ರಿ ನಿಮ್ಮ ಯಥಾಸ್ಥಿತಿ."

ಶಿಬಿರದ ಪಾಠದಲ್ಲಿ ಚಿಮಣಿ ಬಂದಿರಲಿಲ್ಲ. ಜಗದೇವಪ್ಪ ಧೂಳನ್ನು ದೈವೇಚ್ಛೆಯ ಲೆಕ್ಕಕ್ಕೆ ಬಿಟ್ಟ.

ಮಂಚದ ಮೇಲಿಂದ ದೇವಾನಂದ ಅರ್ಧ ಎದ್ದ. "ಮಾಮಾ, ನಾ ಸಂಜಿ ಗಾಡಿಗಿ ಊರಿಗಿ ಹೋಗಬೇಕಂತಿದ್ದೆ..."

"ಹ್ಯಾಂಗ ಹೋಗ್ತಿ? ಆದೇಶ ಬಂದಾಗ ನೀ ಇಲ್ಲೇ ಕುಂತಿದ್ದಿ. ಫೋಟೊದಾಗೂ ಅದೀ."

ದೇವಾನಂದ ಒಂದು ಕ್ಷಣ ಯೋಚಿಸಿದ. ಒಳಗಿಂದ ಬದನೆಕಾಯಿ ಎಣ್ಣೆಗಾಯಿಯ ವಾಸನೆ ಬರುತ್ತಿತ್ತು. "ಕಾನೂನಿಗಿ ಎದುರಾಡ್ಲಿಕ್ಕ ನಾ ಯಾರು" ಎಂದು ಮತ್ತೆ ದಿಂಬಿಗೆ ಒರಗಿದ. "ಅಕ್ಕಾ, ಹಂಗಾರ ಚಹಾ ಇಡು."

"ಈ ಕೋರ್ಟಿಗಿ ಕಣ್ಣಿಲ್ಲೇನವ್ವಾ!" ಎಂದಳು ತುಳಜಾಬಾಯಿ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ನ್ಯಾಯದೇವತೆಯ ಚಿತ್ರ ಅವಳು ನೋಡಿರಲಿಲ್ಲ, ನೋಡಿದ್ದರೆ ಖಂಡಿತ ಬಿಡುತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ಗನಿಸಾಬ ಹುಡುಕಿಕೊಂಡು ಬಂದ. ಮದುವೆ ಮನೆಯ ಯಜಮಾನ, ಮುಖದ ತುಂಬ ನಗು.

"ಜಗದೇವಪ್ಪ, ಚಾಂದ್ ಈ ಕಡಿ ಬಂದಾನ. ಜರಾ ಅತ್ತಾಗ ಹೊಡೀರಿ."

"ಗನಿಸಾಬ, ತಪ್ಪು ತಿಳೀಬ್ಯಾಡ. ಚಾಂದ್ ಯಥಾಸ್ಥಿತಿಯೊಳಗ ಸಿಕ್ಕೊಂಡಾನ."

"ಎಲ್ಲಿ ಸಿಕ್ಕೊಂಡಾನ? ಆರಾಮ್ ತಿನ್ಲಿಕತ್ತಾನ."

ಜಗದೇವಪ್ಪ ಮೊಬೈಲು ತೋರಿಸಿದ. ಆದೇಶ ತೋರಿಸಿದ. ಲಾಡಿನ ಡಬ್ಬಿಯ ಕಥೆಯನ್ನೂ ಹೇಳಿದ. ಗನಿಸಾಬ ಎಲ್ಲವನ್ನೂ ತಾಳ್ಮೆಯಿಂದ ಕೇಳಿದ. ಗಂಡಿನ ಕಡೆಯ ಬರಾತಿನ ಊಟಕ್ಕೆಂದು ಸಾಕಿದ ಹೋತ ಇನ್ನೊಬ್ಬರ ನುಗ್ಗೆಸೊಪ್ಪಿನಲ್ಲಿ ದಪ್ಪಗಾದರೆ ಅವನಿಗೇನೂ ನಷ್ಟವಿರಲಿಲ್ಲ. ಹೊರಟವನು ಸಹಜವಾಗಿ ಕೇಳಿದ:

"ಆಯ್ತು. ಅಂದಂಗ, ಬರೋ ಶುಕ್ರವಾರ ಜುಮ್ಮಾಕ್ಕ ನಿಕಾಹ. ಗೋಡಿ ಗುರುವಾರ ತೆಗಿಯೋಣೇನು?"

ಜಗದೇವಪ್ಪ ಬಾಯಿ ತೆರೆದ. ಗೋಡೆಯ ಕಡೆ ನೋಡಿದ. ಫೋಟೊದಲ್ಲಿ ಗೋಡೆಯೂ ಇತ್ತು, ಈ ತುದಿಯಿಂದ ಆ ತುದಿಯವರೆಗೆ. ಮಾತು ಕೊಡುವಾಗ ಮುಂದೆ ಬಂದಿದ್ದ ಹೊಟ್ಟೆ ಈಗ ಒಳಗೆ ಹೋಯಿತು.

"ಗನಿಸಾಬ... ಗೋಡೀನೂ..."

ಗನಿಸಾಬನ ನಗು ಇದ್ದಲ್ಲೇ ನಿಂತಿತು. ಯಥಾಸ್ಥಿತಿಯ ಅರ್ಥ ಅವನಿಗೆ ಆಗ ಬರಾಬ್ಬರಿ ತಿಳಿಯಿತು.

ಹೋಗುವಾಗ ಇಷ್ಟೇ ಹೇಳಿದ: "ಅಮ್ಮಿಗಿ ಯಾರೂ ಹೇಳಬ್ಯಾಡ್ರಿ. ಬಿ.ಪಿ. ಏರ್ತದ."

ಅಲ್ಲಿಂದ ನಮ್ಮ ಓಣಿ ಪಿಸುಮಾತಿನ ಓಣಿಯಾಯಿತು. ನಳದ ಮುಂದಿನ ಜಗಳವೂ ಪಿಸುದನಿಯಲ್ಲಿ, ತರಕಾರಿಯವನ ಕೂಗೂ ಪಿಸುದನಿಯಲ್ಲಿ. ಪಡಸಾಲೆಯ ಮಂಚದ ಮೇಲೆ ಮಲಗಿದ್ದ ಅಮೀರ್ಬೀ ತನಗೆ ಕಿವಿ ಕೇಳದಂತಾಯಿತೆಂದು ತಿಳಿದು, ಮಹೆವಿಶಳಿಂದ ಬೆಚ್ಚಗಿನ ಎಣ್ಣೆ ಬಿಡಿಸಿಕೊಂಡಳು. "ಹೋಗ್ಲಿ ಬಿಡು ಬೇಟೀ. ಕಣ್ಣು ಕಾಣ್ತಾವಲ್ಲ, ನಿನ್ನ ನಿಕಾಹಕ್ಕ ಕಣ್ಣೇ ಸಾಕು" ಎಂದಳಂತೆ. ಮಹೆವಿಶ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸ್ಟೇಷನ್ನಿನ ಎದುರಿನ ಚಹಾದಂಗಡಿಯಲ್ಲಿ ಹಿರಿಯರಾದ ಹಾಜಿಸಾಬರ ಮುಂದೆ ಮಾತು ಬಂತು. ಓಣಿಯ ಯಾವ ತಂಟೆಯೂ ಅವರ ಕಪ್ಪು-ಬಸಿಯ ಚಹಾ ಆರುವುದರೊಳಗೆ ಬಗೆಹರಿಯುವುದು ವಾಡಿಕೆ.

"ಜಗದೇವಪ್ಪ, ಕೋರ್ಟ್ ಏನ್ ನಮ್ಮ ಓಣಿಗಿ ಬಂದು ನೋಡ್ತದೇನೋ?"

"ಅವ್ವ ನೋಡ್ಲಿಲ್ಲಂತ ಲಾಡು ತಿಂದ್ರ ತಪ್ಪಲ್ಲೇನ್ರಿ ಹಾಜಿಸಾಬ್?"

ಹಾಜಿಸಾಬರು ಗಡ್ಡ ನೀವಿಕೊಂಡರು. "ಛಲೋ. ನೀ ತೆಗೀಬ್ಯಾಡ. ಗೋಡಿ ತಾನೇ ಬಿದ್ರ?"

"ತಾನೇ ಬಿದ್ರ ಅದು ದೈವೇಚ್ಛೆ. ಧೂಳಿನ ಲೆಕ್ಕ."

ಅಷ್ಟು ಸಾಕಾಯಿತು. ಅವತ್ತಿನಿಂದ ಕಲ್ಲಿದ್ದಲಿನ ಗೂಡ್ಸ್ ಗಾಡಿ ಓಣಿ ನಡುಗಿಸಿಕೊಂಡು ಹೋದಾಗೆಲ್ಲ ಮಂದಿ ಹೊರಗೆ ಬಂದು ಆಸೆಯಿಂದ ಗೋಡೆ ನೋಡುವುದಾಯಿತು. ಹುಡುಗನ ಊಟದ ಡಬ್ಬಿ ಕಟ್ಟುವುದನ್ನು ಬಿಟ್ಟು ನಾನೂ ನೋಡಿದ್ದೇನೆ. ಪಾತ್ರೆ ಗಲಗಲ ಅಂದವು, ನಮ್ಮ ಗಡಿಯಾರ ನಿಂತಿತು, ಯಾರದೋ ಹಂಚು ಜಾರಿತು. ಗೋಡೆ ಮಾತ್ರ ಅಲ್ಲಾಡಲಿಲ್ಲ. ಕಟ್ಟಿದವನ ಕೈ ಅಂಥಾದ್ದು.

ಸೋಮವಾರ ಖುರ್ಷಿದಬೇಗಂ ಜೀಪು ಮಾಡಿಕೊಂಡು ಜಾಗ ನೋಡಲು ಬಂದಳು. ಗೋಡೆ ನೋಡಿದಳು. ಅದರ ಆಚೆಗೆ ಬಣ್ಣ ಮಾಸುತ್ತ ನೇತಾಡುವ ಸೀರೆಗಳನ್ನು, ಎಣ್ಣೆಗಾಯಿ ತಿಂದು ಉಬ್ಬಿದ ದೇವಾನಂದನನ್ನು, ನುಗ್ಗೆ ತಿಂದು ಉಬ್ಬಿದ ಚಾಂದನನ್ನು ಸಾಲಾಗಿ ನೋಡಿದಳು.

"ಇದೇನು, ಮ್ಯೂಸಿಯಂ ಏನು?"

"ಧಾನಿ ಧಾನಿ ಮಾತಾಡ್ರಿ" ಎಂದ ಗನಿಸಾಬ, ದನಿ ತಗ್ಗಿಸಿ.

"ಯಾಕ್ ಧಾನಿ? ಗೋಡಿಗಿ ನಿದ್ದಿ ಬಂದದೇನು?" ಎಂದಳಾದರೂ ಆಕೆಯೂ ಪಿಸುದನಿಗೆ ಇಳಿದಳು. "ಕೇಳ್ರಿ ಗನಿಸಾಬ್. ನಾ ಮೊದಲೇ ಹೇಳೀನಿ. ಬುಧವಾರ ಸಂಜಿ ತನಕ ನೋಡ್ತೀನಿ. ಆಮ್ಯಾಲ ಶಾದಿಮಹಲಿಗಿ ಮುಂಗಡ ಕೊಟ್ಟುಬಿಡ್ತೀನಿ. ದುಲ್ಹನ್ನ ಕರಕೊಂಡು ನೀವೇ ಬರ್ರಿ."

"ಅಮ್ಮಿ?"

ಖುರ್ಷಿದಬೇಗಂ ಕೆಟ್ಟವಳಲ್ಲ. ಪಡಸಾಲೆಯ ಕಡೆ ತಿರುಗಿ ನೋಡಿದಳು, ಸೆರಗು ಸರಿ ಮಾಡಿಕೊಂಡಳು. "ವಿಡಿಯೊ ಕಾಲ್ ಮಾಡೋಣು" ಎಂದಳು. ಆದರೆ ಹೇಳುವಾಗ ಗನಿಸಾಬನ ಮುಖ ನೋಡಲಿಲ್ಲ.

ಜಗದೇವಪ್ಪ ಇದನ್ನೆಲ್ಲ ಗೋಡೆಯ ಈ ಕಡೆ ನಿಂತು ಕೇಳಿದ. ಅವತ್ತು ರಾತ್ರಿ ಊಟಕ್ಕೆ ಬರಲಿಲ್ಲವಂತೆ. ಅವನ ಪಾಲನ್ನೂ ದೇವಾನಂದ ಯಥಾಸ್ಥಿತಿಗೆ ಬಿಡಲಿಲ್ಲ.

ಮಂಗಳವಾರ ಜಗದೇವಪ್ಪ ಕೆಲಸಕ್ಕೆ ರಜೆ ಹಾಕಿ ಚಿತ್ತಾಪುರಕ್ಕೆ ಹೋಗಿ, ಕೋರ್ಟಿನ ಬೇವಿನ ಮರದ ಕೆಳಗೆ ಲುಂಬಿನಿ ವಕೀಲೆಯನ್ನು ಹಿಡಿದ. ಆಕೆ ಗೋಡೆಯ, ನಿಕಾಹದ ಕಥೆ ಕೇಳಿದಳು, ಕಾಗದ ಓದಿದಳು, ಆಮೇಲೆ ಫೋಟೊಗಳನ್ನೂ ನೋಡಿದಳು. ಕರಿಕೋಟಿನ ತೋಳಿನಿಂದ ಬಾಯಿ ಮುಚ್ಚಿಕೊಂಡು ಸ್ವಲ್ಪ ಹೊತ್ತು ಮರದ ಕಡೆ ತಿರುಗಿ ನಿಂತಳು.

"ಕಾಕಾ, ಯಥಾಸ್ಥಿತಿ ಅಂದ್ರ ಜಾಗಾ ಮಾರಬ್ಯಾಡ್ರಿ, ಕೆಡವಬ್ಯಾಡ್ರಿ, ಹೊಸದು ಕಟ್ಟಬ್ಯಾಡ್ರಿ ಅಂತ. ತಕರಾರಿನ ಆಸ್ತಿ ತೀರ್ಪು ಆಗೂತನ ಹಾಳಾಗಬಾರದು, ಕೈ ಬದಲಾಗಬಾರದು, ಇಷ್ಟೇ. ಸೀರಿ ಒಣಗಿದ್ರ ತೆಗೀಬಹುದು. ಕಸಾ ದಿನಾ ಹೊಡೀಬೇಕು. ಹೋತ ಪರರದು, ಕೊಟ್ಟುಬಿಡ್ರಿ."

"ಮತ್ತ ನಮ್ಮ ದೇವಾನಂದ?"

"ಅವ್ರು ಆಸ್ತಿ ಏನ್ರಿ?"

"ಅಲ್ಲ" ಎಂದ ಜಗದೇವಪ್ಪ, ಪ್ರಾಮಾಣಿಕವಾಗಿ.

"ಹಂಗಾರ ಬಸ್ ಹತ್ತಸ್ರಿ. ಗೋಡಿ ಮಾತು ಬ್ಯಾರೆ. ಗೋಡಿ ಯಾರದು?"

ಇದಕ್ಕಿಂತ ಸುಲಭದ ಪ್ರಶ್ನೆ ಅವನಿಗೆ ಯಾರೂ ಕೇಳಿರಲಿಲ್ಲ. "ನಂದೇರಿ! ನಂದಲ್ಲದಿದ್ರ ತೆಗೀತೀನಿ ಅಂತ ನಾ ಯಾಕ ಮಾತು ಕೊಡ್ತಿದ್ದೆ?"

ಲುಂಬಿನಿಯ ಮುಖ ಗಂಭೀರವಾಯಿತು. "ನಿಮ್ಮದಂದ್ರ ಅದೂ ದಾವಾದೊಳಗ ಬಂತು. ಕೆಡವಿ ಮತ್ತ ಕಟ್ಟತೀನಿ ಅಂದ್ರೂ ಕೋರ್ಟಿನ ಅಪ್ಪಣಿ ಬೇಕು, ಇಲ್ಲಾ ಎದುರಿನವ್ರ ಒಪ್ಪಿಗಿ. ಮುಂದಿನ ತಾರೀಖು ಲಗ್ನಾದ ಮ್ಯಾಲ ಬರ್ತದ. ಸೇಡಂಕ್ಕ ಹೋಗಿ ನಿಮ್ಮಣ್ಣನ್ನ ಕೇಳಿ ನೋಡ್ರಿ."

ಜಗದೇವಪ್ಪ ಅಲ್ಲಿಂದಲೇ ಸೇಡಂ ಬಸ್ಸು ಹತ್ತಿದ. ಮಾತು ಬಿಟ್ಟ ಅಣ್ಣನ ಬಾಗಿಲಲ್ಲಿ ನಿಂತು, "ಗೋಡಿ ತೆಗೀಲಿಕ್ಕ ಒಪ್ಪಿಗಿ ಕೊಡಣ್ಣಾ, ಪಕ್ಕದ ಮನಿ ಲಗ್ನ ಅದ" ಎಂದ.

ಅಣ್ಣ ಪೊದೆಯಂಥ ಮೀಸೆ ತಿರುವಿದ. "ಯಾವ ಗೋಡಿ?"

"ಮೂಡಲ ಕಡಿಂದು. ಗನಿಸಾಬನ ಕಡಿಂದು."

"ಆ ಗೋಡಿ ತೆಗದ್ರ ತೆಗಿ, ಬಿಟ್ರ ಬಿಡು, ನಂಗೇನಾಗಬೇಕು? ನಂಗ ಬೇಕಾಗಿದ್ದು ಮನಿ, ಜಾಗಾ" ಎಂದು ಬಾಗಿಲು ಹಾಕಿಕೊಂಡ.

ಬುದ್ಧಿವಂತ ಯಾರಾದರೂ ಇದರಲ್ಲಿ ಏನೋ ಇದೆ ಎಂದು ಅಲ್ಲೇ ನಿಂತು ಯೋಚಿಸುತ್ತಿದ್ದರು. ಜಗದೇವಪ್ಪ ಇದನ್ನು ಅವಮಾನ ಎಂದು ತಿಳಿದು ಬಸ್‌ಸ್ಟ್ಯಾಂಡಿನವರೆಗೂ ಬೈಯುತ್ತಾ ಬಂದ.

ಬುಧವಾರ ಬೆಳಿಗ್ಗೆ ತುಳಜಾಬಾಯಿ ಸೀರೆ ತೆಗೆದಳು, ಅಂಗಳ ಗುಡಿಸಿದಳು. ತಮ್ಮನ ಚೀಲವನ್ನು ಅವನ ಎದೆಯ ಮೇಲಿಟ್ಟು "ಲುಂಬಿನಿ ಬಾಯಾರು ಹೇಳ್ಯಾರ, ನೀ ಆಸ್ತಿ ಅಲ್ಲಂತ" ಎಂದಳು. ದೇವಾನಂದ ಮೇಲಿನ ಕೋರ್ಟಿಗೆ ಅಪೀಲು ಹೋಗುವವನಂತೆ ಜಗದೇವಪ್ಪನ ಮುಖ ನೋಡಿದ. ಜಗದೇವಪ್ಪ ಚಾಂದನ ಹಗ್ಗ ಬಿಚ್ಚುತ್ತಿದ್ದ, ತಲೆ ಎತ್ತಲಿಲ್ಲ.

ಹೋತವನ್ನು ಹಿಡಿದುಕೊಂಡು ಅವನು ಗನಿಸಾಬನ ಮನೆಗೆ ಹೋದ. ಹೆಗಲಿಗೆ ತಕ್ಕಡಿಯ ಚೀಲ, ಕೈಯಲ್ಲಿ ಚಾಂದ್. ಅಂಗಳದಲ್ಲಿ ಹಾಜಿಸಾಬರಿದ್ದರು. ನಾನೂ ಇದ್ದೆ, ಶಾವಿಗೆ ಹುರಿದು ಕೊಡಲು ಹೋಗಿದ್ದೆ. ಗನಿಸಾಬ ಚಿಂಚೋಳಿಗೆ ಫೋನು ಹಚ್ಚಲು ಕೈಯಲ್ಲಿ ಹಿಡಿದುಕೊಂಡು ಕೂತಿದ್ದ, ಹಚ್ಚಿರಲಿಲ್ಲ.

"ಗನಿಸಾಬ" ಎಂದ ಜಗದೇವಪ್ಪ. ಇಷ್ಟು ದಿನದ ಪಿಸುಮಾತು ಮರೆತು ಎಂದಿನ ದನಿಯಲ್ಲೇ ಅಂದುಬಿಟ್ಟ. "ಹೋತ ಬಿಟ್ರು. ಗೋಡಿ ಬಿಡಲಿಲ್ಲ. ನನ್ನ ಮಾತು ಹೋಯ್ತು."

ಪಡಸಾಲೆಯಿಂದ ಅಮೀರ್ಬೀಯ ದನಿ ಬಂತು. "ಯಾ ಅಲ್ಲಾ, ನಂಗ ಕಿವಿ ಬಂದ್ವು! ಯಾರದು, ಜಗದೇವನಾ? ಏನ್ ಹೋಯ್ತೋ?"

ಗನಿಸಾಬ ಎದ್ದು ನಿಂತ. ಮಹೆವಿಶ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಇನ್ನು ಮುಚ್ಚಿಡುವ ಹಾಗಿರಲಿಲ್ಲ. ಜಗದೇವಪ್ಪ ಮಂಚದ ಮುಂದೆ ಹೋಗಿ, ಚಾಂದನ ಹಗ್ಗ ಕೈಯಲ್ಲಿದ್ದಂತೆಯೇ, ದಾವಾ, ಯಥಾಸ್ಥಿತಿ, ಲಾಡಿನ ಡಬ್ಬಿ, ಶಾದಿಮಹಲು ಎಲ್ಲವನ್ನೂ ಹೇಳಿದ. ಅವನು ಹೇಳಿದ ವಿವರಣೆಗಳಲ್ಲಿ ಅದೊಂದೇ ಮೊಟಕಾಗಿತ್ತು.

ಅಮೀರ್ಬೀ ಪೂರ್ತಿ ಕೇಳಿದಳು. ಬಿ.ಪಿ. ಏರಿದ ಲಕ್ಷಣ ಕಾಣಲಿಲ್ಲ.

"ಬೇಟೀ, ನನ್ನ ಪಾನದಾನ ಕೊಡು."

ಮಹೆವಿಶ ಅಂಗಳಕ್ಕಿಳಿದು ಗೋಡೆಯ ಗೂಡಿಗೆ ಕೈ ಹಾಕಿದಳು.

"ಅಲ್ಲೇ ನಿಂದ್ರು" ಎಂದಳು ಅಮೀರ್ಬೀ. "ಜಗದೇವ, ನೋಡಪ್ಪಾ. ನನ್ನ ಪಾನದಾನ ಎಲ್ಲದ?"

"ಗೂಡಿನ್ಯಾಗ."

"ಗೂಡು ಯಾರ ಕಡಿ ಅದ?"

ಅಂಗಳದಲ್ಲಿದ್ದವರ ಕಣ್ಣೆಲ್ಲ ಗೂಡಿನ ಕಡೆ ತಿರುಗಿದವು. ಚಾಂದ್ ಒಬ್ಬನೇ ಏನೋ ಅಗಿಯುತ್ತಿದ್ದ. ಹಾಜಿಸಾಬರು ಫಟ್ಟಂತ ಹಣೆ ಬಡಿದುಕೊಂಡರು.

"ಗೂಡು ಯಾರ ಕಡಿ, ಗೋಡಿ ಅವರದು! ಅಯ್ಯೋ, ಓಣಿಯಾಗ ಹುಟ್ಟಿದ ಕೂಸಿಗೂ ಗೊತ್ತಿರೋ ಮಾತು!"

"ನಮ್ಮ ಮನಿಯವ್ರು ಕಟ್ಟಿದ್ದು" ಎಂದಳು ಅಮೀರ್ಬೀ. "ನಮ್ಮ ಜಾಗಾದಾಗ, ನಮ್ಮ ಕಲ್ಲಿಲೆ. ಗನಿ ಆಗ ತೆವಳ್ತಿದ್ದ. ನಿಮ್ಮಪ್ಪನೇ ನಿಂತು ಕಲ್ಲು ಎತ್ತಿ ಕೊಟ್ಟಾನ, ಜಗದೇವ."

ಜಗದೇವಪ್ಪ ಗೋಡೆ ನೋಡಿದ. ಇಷ್ಟು ವರ್ಷ ತನ್ನ ಅಂಗಳದಿಂದ ಅವನು ಅದರ ಸಪಾಟಾದ ಬೆನ್ನನ್ನೇ ನೋಡಿದ್ದ. ಬೆನ್ನು ಯಾರ ಕಡೆಗಿದೆ ಎಂದು ಕೇಳಿಕೊಂಡಿರಲಿಲ್ಲ.

"ಮತ್ತ ಅಮ್ಮೀ... ಅವತ್ತ ನಾ ಮಾತು ಕೊಟ್ಟಾಗ ನೀವು ಯಾಕ ಹೇಳಲಿಲ್ಲ?"

"ನೀ ಊಟಾ ಮಾಡಿ ನಿಂತಿದ್ದಿ. ಮನಿಗಿ ಬಂದ ಮೆಹಮಾನ್, ಅಷ್ಟು ಪ್ರೀತಿಲೆ ಹೇಳ್ಲಿಕತ್ತಿದ್ದಿ. 'ಅದು ನಿಂದಲ್ಲೋ ಮಾರಾಯಾ' ಅಂತ ನಾಲ್ಕು ಮಂದಿ ಎದುರಿಗಿ ಹ್ಯಾಂಗ ಹೇಳ್ಲಿ? ಆಮ್ಯಾಲ ವರ್ಷಾ ವರ್ಷಾ ಹೇಳ್ಕೊಂತ ಬಂದಿ. ನಾನೂ ವರ್ಷಾ ವರ್ಷಾ ಆಯ್ತಪ್ಪಾ ಅಂದೆ."

ಜಗದೇವಪ್ಪ ಅಲ್ಲೇ ಕಟ್ಟೆಯ ಮೇಲೆ ಕುಸಿದು ಲುಂಬಿನಿಗೆ ಫೋನು ಹಚ್ಚಿದ. ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿದ.

"ಬಾಯಾರ, ಗೋಡಿ ನಂದಲ್ಲಂತ್ರಿ. ಗನಿಸಾಬನ ತಂದಿ ಅವರ ಜಾಗಾದಾಗ ಕಟ್ಟ್ಯಾರಂತ."

"ಖರೇನೇ? ನಿಮ್ಮಣ್ಣ ಏನಂತಾರ?"

"'ಆ ಗೋಡಿ ತೆಗದ್ರ ನಂಗೇನು' ಅಂದ."

ಆ ಕಡೆ ಕೆಮ್ಮಿದ ಹಾಗೊಂದು ಸದ್ದಾಯಿತು. ಬಹುಶಃ ಆಕೆ ಮತ್ತೆ ಬೇವಿನ ಮರದ ಕಡೆ ತಿರುಗಿದ್ದಳು. "ಕಾಕಾ, ಅವ್ರಿಗಿ ಗೊತ್ತದ, ಗೋಡಿ ನಿಮ್ಮದಲ್ಲಂತ. ದಾವಾದೊಳಗ ಇಲ್ಲದ ಗೋಡಿಗಿ ಯಥಾಸ್ಥಿತಿ ಎಲ್ಲಿಂದ ಬರ್ತದ? ಗೋಡಿಯವ್ರು ಬೇಕಾದಾಗ ತೆಗೀಲಿ."

"ಹಂಗಾರ ಇದ್ರಾಗ ನಾ ಯಾರ್ರಿ? ವಾದಿ ಅಲ್ಲ, ಪ್ರತಿವಾದೀನೂ ಅಲ್ಲ..."

"ನೀವು ಬಾಜೂಮನಿಯವ್ರು" ಎಂದಳು ಲುಂಬಿನಿ.

ಇದಕ್ಕೆ ಉದಾಹರಣೆ ಹುಡುಕಬೇಕೆಂದು ಅವನಿಗೆ ಅನ್ನಿಸಿದಂತೆ ಕಾಣಲಿಲ್ಲ. ಫೋನು ಚೀಲದೊಳಗಿಟ್ಟ. ಆ ಚೀಲವನ್ನು ಹೆಗಲಿಂದ ಇಳಿಸಿ ಚಾಂದನ ಕೊರಳಿಗೆ ಹಾಕಿ, ಮಂಚದ ಮುಂದೆ ಬಂದು ನಿಂತ.

"ಅಮ್ಮೀ, ನಿಮ್ಮ ಗೋಡಿ ನಾ ತೆಗೀಲೇನು?"

"ನಾಳಿ ತೆಗಿಯಪ್ಪಾ" ಎಂದಳು ಅಮೀರ್ಬೀ, ಎಲೆಗೆ ಸುಣ್ಣ ಹಚ್ಚುತ್ತಾ. "ಇವತ್ತು ಆ ಹುಡುಗೀಗಿ ಮೆಹಂದಿ ಅದ. ಧೂಳ ಬ್ಯಾಡ."

ಗನಿಸಾಬ ಚಿಂಚೋಳಿಗೆ ಫೋನು ಹಚ್ಚಿ, ಹೇಳಬೇಕೆಂದಿದ್ದ ಮಾತು ಬಿಟ್ಟು, "ಗೋಡಿ ಇಳೀತದ" ಎಂದ.

ಶುಕ್ರವಾರ ಬರಾತು ಬಂತು. ಎರಡೂ ಅಂಗಳದಲ್ಲಿ ಜನ ಹಿಡಿಸಿದರು, ಪಂಗತಿ ಮೇಲೆ ಪಂಗತಿ ಎದ್ದವು. ಖುರ್ಷಿದಬೇಗಂ ಗೋಡೆಯಿದ್ದ ಜಾಗವನ್ನು ಈ ತುದಿಯಿಂದ ಆ ತುದಿಗೆ ನಡೆದು ಅಳೆದು, "ನಮ್ಮ ಶಾದಿಮಹಲಿಗಿಂತ ದೊಡ್ಡದು ಆತು ನೋಡ್ರಿ" ಎಂದು ತಾನೇ ತಂದುಕೊಟ್ಟವಳ ಹಾಗೆ ಹೇಳಿದಳು. ದೇವಾನಂದನೂ ಶಹಾಬಾದದಿಂದ ಬಂದು ಮೊದಲ ಪಂಗತಿಯಲ್ಲೇ ಕೂತ. ಈ ಗಲಾಟೆಯಲ್ಲಿ ಯಥಾಸ್ಥಿತಿ ಉಳಿಯದೆ ಹೋದದ್ದು ಚಾಂದನೊಬ್ಬನದೇ.

ಗೋಡೆಯಿದ್ದಲ್ಲಿ ಅಮೀರ್ಬೀಯ ಮಂಚ ಹಾಕಿದ್ದರು. "ಕುಬೂಲ್ ಹೈ" ಎಂದು ಮಹೆವಿಶ ಹೇಳಿದ್ದು ಪರದೆಯ ಆಚೆಗಿದ್ದ ನಮಗೆ ಕೇಳಲಿಲ್ಲ. ಅಮೀರ್ಬೀಗೆ ಕೇಳಿತು.

ಮುಂದಿನ ವಾರ ಕಲ್ಲುಗಳನ್ನು ಮತ್ತೆ ಪೇರಿಸಿದರು. ತುಳಜಾಬಾಯಿ ಸೊಂಟಕ್ಕೆ ಸೆರಗು ಕಟ್ಟಿ ನಿಂತು, ತನ್ನ ಕಡೆಗೂ ಸಾಬೂನಿಗೊಂದು ಗೂಡು ಬಿಡಿಸಿದಳು. ಹಾಜಿಸಾಬರು ತಕರಾರು ತೆಗೆದರು: "ಎರಡೂ ಕಡಿ ಗೂಡು ಬಿಟ್ರ, ನಾಳಿ ಗೋಡಿ ಯಾರದಂತ ಹ್ಯಾಂಗ ಹೇಳೂದು?"

"ಆಕಿ ಸಾಬೂನ ಇಟ್ಕೋಲಿ ಬಿಡ್ರಿ" ಎಂದಳು ಅಮೀರ್ಬೀ.

ಸೇಡಂದವನ ದಾವಾ ಇನ್ನೂ ನಡೆದಿದೆ. ಜಗದೇವಪ್ಪ ತಾರೀಖಿಗೆ ಹೋಗುತ್ತಾನೆ, ಬರುತ್ತಾನೆ, ಕೇಳಿದರೂ ಏನೂ ವಿವರಿಸುವುದಿಲ್ಲ.

ಗೋಡೆ ತೆಗೆಯುತ್ತೇನೆ ಎಂದಿದ್ದ. ತೆಗೆದ.